ಸಣ್ಣ ಸ್ಪೀಕರಿನ ಮೇಲೆ ಅನುಮಾನ

ಗಂಗೊಳ್ಳಿ ಬಂದರಿನ ಹತ್ತಿರ ದೋಣಿ ಎಂಜಿನ್ ರಿಪೇರಿಯ ವರ್ಕ್‌ಶಾಪ್ ಇಟ್ಟುಕೊಂಡು ಜೀವನ ಮಾಡಿದವನು ನಾನು. ಡೀಸೆಲ್ ಎಂಜಿನ್ನಿನ ಕಾಯಿಲೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ ನಿಂತರೆ ಬೇರಿಂಗ್ ಸವೆದದ್ದು ಬೇರೆ ದನಿ, ಟ್ಯಾಪೆಟ್ ಸಡಿಲವಾದದ್ದು ಬೇರೆ ದನಿ. ದೋಣಿಯ ಮಾಲೀಕ ಹೇಳುವುದನ್ನು ನಾನು ಪೂರ್ತಿ ನಂಬಿದವನಲ್ಲ. ಬಿಡಿಭಾಗ ಮಾರುವವರನ್ನು ಅಷ್ಟೂ ನಂಬುತ್ತಿರಲಿಲ್ಲ. ಹೊಸ ಡಬ್ಬ, ಹೊಳೆಯುವ ಸ್ಟಿಕರ್, ಒಳಗೆ ಮಾತ್ರ ನಕಲಿ ನಾಝಲ್. ಇಂಥದ್ದನ್ನು ಎಷ್ಟೋ ಸಲ ಬಿಚ್ಚಿ, ಮಾರಿದವರ ಮುಖದ ಮುಂದೆಯೇ ಹಿಡಿದಿದ್ದೇನೆ. ಅನುಮಾನ ಪಡುವುದು ನನಗೆ ಕೆಲಸದ ಜೊತೆ ಬಂದ ಅಭ್ಯಾಸ. ಮಂಡಿ ನೋವು ಹೆಚ್ಚಾಗಿ ದೋಣಿಯ ಹೊಟ್ಟೆಗೆ ಇಳಿದು ಹತ್ತುವುದು ಆಗದೆ ವರ್ಕ್‌ಶಾಪ್ ಬಿಟ್ಟು ತೆಕ್ಕಟ್ಟೆಯ ಮನೆಯಲ್ಲಿ ಕೂತ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ.

ನನ್ನ ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಕೆಲಸ ಮಾಡುವಾಗ ಅವಳಿಗೆ ಹಾಡು ಬೇಕು. ಹಳೆಯ ಟೇಪ್ ರೆಕಾರ್ಡರ್ ಕೆಟ್ಟು ಮೂಲೆ ಸೇರಿದ ಮೇಲೆ ಮೊಬೈಲನ್ನು ಒಂದು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಕೇಳುತ್ತಿದ್ದಳು. ನಾನು ಅದನ್ನು ಹಾಡು ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವಳ ತಮ್ಮನದು ಕುಂದಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ. ಒಂದು ಆದಿತ್ಯವಾರ ಬೆಳಿಗ್ಗೆ, ಹೇಳದೆ ಕೇಳದೆ, ದೊಡ್ಡ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಅವನು ನಮ್ಮ ಮನೆ ಮೆಟ್ಟಿಲು ಹತ್ತಿದ. ಒಳಗಿಂದ ತೆಗೆದದ್ದು ಒಂದು ಬ್ಲೂಟೂತ್ ಸ್ಪೀಕರ್. ಮೇಜಿನ ಮೇಲೆ ಇಡುವಂಥದ್ದು, ಮರದ ಮೈ, ಮುಂದೆ ಬೂದು ಬಣ್ಣದ ಬಟ್ಟೆ. ಎತ್ತಿದರೆ ಕೈಗೆ ಒಳ್ಳೆಯ ಭಾರ. ಬೆಲೆ ಕೇಳಿದಾಗ ಅವನು ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದ. ಆ ದುಡ್ಡಿಗೆ ಒಂದು ಒಳ್ಳೆಯ ಫ್ರಿಜ್ಜೇ ಬರುತ್ತಿತ್ತು.

"ಭಾವ, ಇದನ್ನ್ ಒಂದ್ ವಾರ ಇಟ್ಕಂಡ್ ಕಾಣಿ. ಬ್ಯಾಡ ಅಂದ್ರೆ ನಾನೇ ಬಂದ್ ತಕಂಡ್ ಹೋತೆ."

"ಎಂತಕ್ಕೆ? ಅಂಗ್ಡಿಯಂಗ್ ಖರ್ಚಾತಿಲ್ಯಾ?"

"ಹಂಗಲ್ಲ ಭಾವ. ನಿಮ್ ಕಿವಿ ಅಂದ್ರೆ ಸಾಮಾನ್ಯದ್ದಾ? ನೀವ್ ಒಂದ್ಸಲ ಕೇಂಡ್ ಹೇಳ್ರೆ ನಂಗೂ ಗಿರಾಕಿಗೆ ಹೇಳುಕೆ ಧೈರ್ಯ ಆತ್ತ್."

ಹೊಗಳಿಕೆ ಕೇಳಿದ ಕೂಡಲೇ ನಾನು ಎಚ್ಚರವಾದೆ. ಇಷ್ಟು ವರ್ಷದಲ್ಲಿ ಒಂದು ಬಲ್ಬನ್ನೂ ಮನೆಗೆ ತಂದುಕೊಡದವನು ಇಷ್ಟು ದುಬಾರಿ ಸಾಮಾನನ್ನು ಸುಮ್ಮನೆ ಬಿಟ್ಟು ಹೋಗುತ್ತಾನೆಯೆ? ಹೆಂಡತಿಯ ಕಡೆ ನೋಡಿದೆ. ಅವಳು ತಲೆ ಎತ್ತದೆ ರವಿಕೆಗೆ ಹುಕ್ ಹಾಕುತ್ತಿದ್ದಳು. ಮೀನಿನವಳ ಹತ್ತಿರ ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವವಳು ಈ ಬೆಲೆ ಕೇಳಿಯೂ ಬಾಯಿ ಬಿಡಲಿಲ್ಲ. ಅಕ್ಕ ತಮ್ಮ ಸೇರಿ ಏನೋ ಮಾತಾಡಿಕೊಂಡಿದ್ದಾರೆ ಅಂತ ನನಗೆ ಆಗಲೇ ಅನಿಸಿತು.

ಅವನು ಮೊದಲು ಒಂದು ಸಿನಿಮಾ ಹಾಡು ಹಾಕಿದ. ಧಂ ಧಂ ಎಂದು ಮೇಜು ನಡುಗಿತು. "ಇದ್ ಎಲ್ಲಾ ಡಬ್ಬದಲ್ಲೂ ಹೀಂಗೇ ಕೇಂತ್" ಎಂದು ನಾನು ಅದನ್ನು ನಿಲ್ಲಿಸಿದೆ. ನನಗೆ ಬೇಕಾದದ್ದು ಬೇರೆ. ಪ್ರಾಯದಲ್ಲಿ ಯಕ್ಷಗಾನ ಬಯಲಾಟಕ್ಕೆ ಹೋದಾಗ ರಂಗಸ್ಥಳದ ಹತ್ತಿರ ಟೇಪ್ ರೆಕಾರ್ಡರ್ ಇಟ್ಟುಕೊಂಡು ನಾನೇ ರೆಕಾರ್ಡ್ ಮಾಡಿದ ಒಂದು ಆಟವಿದೆ. ಆ ಕ್ಯಾಸೆಟ್ಟನ್ನು ನೆರೆಮನೆಯ ಹುಡುಗಿಯೊಬ್ಬಳು ಮೊಬೈಲಿಗೆ ಹಾಕಿಕೊಟ್ಟಿದ್ದಳು. ಭಾಗವತರು ಎಲ್ಲಿ ಉಸಿರು ತೆಗೆಯುತ್ತಾರೆ, ಮದ್ದಲೆ ಎಲ್ಲಿ ಹಿಂದೆ ಸರಿಯುತ್ತದೆ, ಭಾಗವತರ ಕೈಯ ಕಂಚಿನ ತಾಳದ ಪೆಟ್ಟು ಎಲ್ಲಿ ಬಿದ್ದು ಎಷ್ಟು ಹೊತ್ತು ಗುಂಯ್‌ಗುಡುತ್ತದೆ, ಎಲ್ಲವೂ ನನಗೆ ಬಾಯಿಪಾಠ. ಭಾವಮೈದುನ ಹೋದ ಮೇಲೆ ಅದನ್ನು ಹಾಕಿಕೊಂಡು ಕೂತೆ.

ಭಾಗವತರ ಸ್ವರ ಕೋಣೆಯ ತುಂಬ ಎದ್ದು ನಿಂತಿತು. ಅದರಲ್ಲಿ ಎರಡು ಮಾತಿಲ್ಲ. ಮದ್ದಲೆಯ ಪೆಟ್ಟು ಎದೆಗೆ ತಾಗುತ್ತಿತ್ತು. ಆದರೆ ತಾಳ ಇರಲಿಲ್ಲ. ಪೆಟ್ಟು ಬೀಳುವ ಜಾಗದಲ್ಲಿ ಟಕ್ ಎಂದು ಒಣ ಸದ್ದೊಂದು ಬಂದು ಹೋಗುತ್ತಿತ್ತು, ಅಷ್ಟೆ. ಚೆಂಡೆಗೆ ಯಾರೋ ಗೋಣಿಚೀಲ ಹೊದೆಸಿದ ಹಾಗಿತ್ತು.

ಟಾರ್ಚ್ ತಂದು ಮುಂದಿನ ಬಟ್ಟೆಯ ಮೇಲೆ ಬೆಳಕು ಬಿಟ್ಟು ನೋಡಿದೆ. ಒಳಗೆ ಎರಡು ಸ್ಪೀಕರ್ ಕಂಡವು. ಕೆಳಗೊಂದು ದೊಡ್ಡದು, ಮೇಲೊಂದು ಸಣ್ಣದು. ತೆಳು ದನಿಯೆಲ್ಲ ಸಣ್ಣದರಿಂದ ಬರಬೇಕು. ಅದರ ಹತ್ತಿರ ಕಿವಿ ಒಡ್ಡಿದೆ. ಏನೂ ಇಲ್ಲ. ದೊಡ್ಡದರ ಹತ್ತಿರ ಒಡ್ಡಿದರೆ ಕೆನ್ನೆಗೆ ಗಾಳಿ ಬಡಿಯುವಷ್ಟು ಜೋರು. ನನಗೆ ಗೊತ್ತಾಗಿ ಹೋಯಿತು. ಸಣ್ಣದು ಸತ್ತಿದೆ, ಅಥವಾ ತೋರಿಕೆಗೆ ಮಾತ್ರ ಕೂರಿಸಿದ್ದಾರೆ. ನಕಲಿ ನಾಝಲ್ ಹಿಡಿದಾಗ ಆಗುತ್ತಿದ್ದ ಹಾಗೆ ಒಳಗೊಳಗೇ ಖುಷಿಯೂ ಆಯಿತು.

ಫೋನ್ ಮಾಡಿ ಹೇಳಿದೆ. "ಮೇಲಿಂದ್ ಸಣ್ ಸ್ಪೀಕರ್ ಸತ್ತಿತ್ತ್. ನಿಂಗ್ ಯಾರೋ ಟೊಪ್ಪಿ ಹಾಕಿರ್."

"ಹೌದಾ ಭಾವ? ಇನ್ನೊಂದ್ ಪೀಸ್ ತತ್ತೆ" ಎಂದ. ವಾದ ಮಾಡಲಿಲ್ಲ. ವಾದ ಮಾಡದ ವ್ಯಾಪಾರಿಯನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಎರಡನೆಯದು ಬಂತು. ಪೆಟ್ಟಿಗೆಯ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆದು, ಯಾರಾದರೂ ಮೊದಲೇ ಬಿಚ್ಚಿದ್ದಾರೆಯೆ ಎಂದು ನೋಡಿಯೇ ತೆರೆದೆ. ಅದೇ ಪದ್ಯ ಹಾಕಿದೆ. ಅದೇ ಟಕ್.

"ಇದೂ ಹಾಂಗೇ ಇತ್ತ್" ಎಂದೆ ಹೆಂಡತಿಗೆ.

ಅವಳು ಕತ್ತರಿ ಕೆಳಗಿಟ್ಟಳು. "ಎಂತ ಹಾಂಗೇ? ತಾಳ ಲಾಯ್ಕ್ ಕೇಂತಿತ್ತಲೆ."

"ನಿನ್ ತಮ್ಮ ತಂದದ್ದ್ ಅಂದ್ರೆ ನಿಂಗೆ ಎಲ್ಲಾ ಲಾಯ್ಕೇ."

ಅವಳು ಸಿಟ್ಟಾಗಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ ಮತ್ತೆ ಮಿಷನ್ನಿಗೆ ತಿರುಗಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ತೋರಿಸಿಕೊಡಬೇಕು ಅಂತ ಹಠ ಬಂತು. ಮಧ್ಯಾಹ್ನ ಅವಳು ಬೆಳಕಿಗಾಗಿ ಕಿಟಕಿಯ ಕಡೆ ಮುಖ ಮಾಡಿ ಕೂತು ಹೆಮ್ಮಿಂಗ್ ಮಾಡುವಾಗ ಸ್ಪೀಕರ್ ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಸದ್ದಾಗದ ಹಾಗೆ ಎದ್ದು, ಮೈ ಒರೆಸುವ ಬೈರಾಸನ್ನು ಮಡಚಿ ಸಣ್ಣ ಸ್ಪೀಕರಿಗೆ ಒತ್ತಿ ಹಿಡಿದೆ. ನನ್ನ ಕಿವಿಗೆ ಒಂದು ಚೂರೂ ವ್ಯತ್ಯಾಸವಾಗಲಿಲ್ಲ.

"ಈಗ ಎಂತ ಮಾಡ್ದ್ರಿ?" ಅವಳು ತಿರುಗದೆಯೇ ಕೇಳಿದಳು. "ತಾಳ ಹೋಯ್ತ್."

ಬೈರಾಸು ತೆಗೆದೆ. "ಹಾಂ, ಈಗ ಬಂತ್" ಎಂದಳು.

ಕಿಟಕಿಯ ಗಾಜಿನಲ್ಲಿ ನನ್ನ ನೆರಳು ಕಾಣುತ್ತಿರಬೇಕು ಎಂದುಕೊಂಡೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ನೆವ ಹೇಳಿ ಪರದೆ ಎಳೆದೆ. ಹೊರಗೆ ಮೋಡ ಕವಿದಿತ್ತು, ಬಿಸಿಲೇ ಇರಲಿಲ್ಲ. ಅವಳು ಲೈಟ್ ಹಾಕಿಕೊಂಡಳು. ಮತ್ತೆ ಒತ್ತಿದೆ, ಮತ್ತೆ ಬಿಟ್ಟೆ. ಬೇಕೆಂದೇ ಒಮ್ಮೆ ಒತ್ತುವ ಹಾಗೆ ಮಾಡಿ ಒತ್ತದೆ ನಿಂತೆ. ಒಂದು ಸಲವೂ ಅವಳು ತಪ್ಪು ಹೇಳಲಿಲ್ಲ. ಕೊನೆಗೆ, "ಹ್ವಾಯ್, ಆ ಬೈರಾಸ್ ಒಣ್ಗುಕ್ ಹಾಕಿ ಬನಿ, ಚಾ ಮಾಡ್ತೆ" ಎಂದು ಎದ್ದು ಹೋದಳು. ತಿರುಗಿ ನೋಡದೆಯೇ ನನ್ನ ಕೈಯಲ್ಲಿದ್ದದ್ದು ಬೈರಾಸು ಅಂತ ಅವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಸಂಜೆಯವರೆಗೆ ಯೋಚಿಸಿದೆ. ಹಗ್ಗದ ಮೇಲೆ ಅದು ಇಲ್ಲದ್ದನ್ನು ಅವಳು ನೋಡಿದ್ದಳಷ್ಟೆ.

ಮರುದಿನ ಮನೆಯಲ್ಲಿ ಏನೋ ಹೇಳಿ ಬ್ರಹ್ಮಾವರಕ್ಕೆ ಹೋದೆ. ಭಾವಮೈದುನನಿಗೆ ಸಂಬಂಧವೇ ಇಲ್ಲದ ಒಂದು ಅಂಗಡಿ ನನಗೆ ಬೇಕಾಗಿತ್ತು. ಬಸ್ಸು ಸಾಸ್ತಾನದ ಟೋಲಿನಲ್ಲಿ ಸಾಲಿಗೆ ನಿಂತಾಗ, ಈ ಪರೀಕ್ಷೆಯಲ್ಲಿ ತಾಳ ಚೆನ್ನಾಗಿ ಕೇಳಿದರೆ ಭಾವಮೈದುನನಿಗೆ ಏನು ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಅಲ್ಲಿಯ ಅಂಗಡಿಯಲ್ಲಿ ಬೇರೆ ಕಂಪೆನಿಯ, ಇನ್ನೂ ದುಬಾರಿ ಸ್ಪೀಕರ್ ಇತ್ತು. ನನ್ನ ಮೊಬೈಲಿನ ಪದ್ಯವನ್ನೇ ಹಾಕಿಸಿದೆ. ಮೈ ಬೇರೆ, ಸ್ವರದ ಬಣ್ಣ ಸ್ವಲ್ಪ ಬೇರೆ. ತಾಳ ಮಾತ್ರ ಅದೇ ಟಕ್. ಕೌಂಟರಿನಲ್ಲಿದ್ದ ಹೆಂಗಸಿಗೆ ಟ್ರೆಬಲ್ ಜಾಸ್ತಿ ಮಾಡಲು ಹೇಳಿದೆ. ಮಾಡಿದಳು. ಇನ್ನೂ ಜಾಸ್ತಿ ಎಂದೆ.

"ಸರ್, ಇದು ಫುಲ್ ಇದೆ" ಎಂದು ಅವಳು ಒಂದು ಕಿವಿಗೆ ಬೆರಳಿಟ್ಟುಕೊಂಡಳು. "ನಿಮಗೆ ಸಾಲುವುದಿಲ್ವಾ?"

ಪಕ್ಕದಲ್ಲಿ ಮಿಕ್ಸಿ ನೋಡುತ್ತಿದ್ದ ಗಂಡ ಹೆಂಡತಿ ಇಬ್ಬರೂ ಮುಖ ಕಿವುಚಿಕೊಂಡು ನಮ್ಮ ಕಡೆ ತಿರುಗಿದರು. ನಾನು ಬೇಡ ಎಂದು ಹೊರಗೆ ಬಂದೆ. ಈ ಕಡೆಗೆ ಬರುವ ಮಾಲೆಲ್ಲ ಕಳಪೆಯೇ ಇರಬೇಕು, ಒಳ್ಳೆಯದೆಲ್ಲ ದೊಡ್ಡ ಊರಿಗೆ ಹೋಗುತ್ತಿರಬೇಕು ಎಂದು ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ಆದರೆ ಆ ದಂಪತಿಯ ಮುಖ ಕಣ್ಣಿನಿಂದ ಹೋಗಲಿಲ್ಲ. ಅವರಿಗೆ ನನ್ನ ಭಾವಮೈದುನ ಯಾರೆಂದು ಗೊತ್ತಿರಲಿಲ್ಲವಲ್ಲ.

ಅದೇ ವಾರ ನಮ್ಮ ಊರಿಗೆ ಚಿಕ್ಕಮೇಳ ಬಂತು. ಮಳೆಗಾಲದಲ್ಲಿ ದೊಡ್ಡ ಮೇಳಗಳ ತಿರುಗಾಟ ನಿಂತಾಗ ಕೆಲವು ಕಲಾವಿದರು ಸಣ್ಣ ತಂಡ ಕಟ್ಟಿಕೊಂಡು ಸಂಜೆ ಹೊತ್ತು ಮನೆ ಮನೆಗೆ ಬರುತ್ತಾರೆ. ದೀಪ ಹಚ್ಚಿಟ್ಟರೆ ಮನೆಯ ಹಾಲ್‌ನಲ್ಲೇ ಪ್ರಸಂಗದ ಒಂದು ತುಣುಕು ಆಡಿ ಮುಂದಿನ ಮನೆಗೆ ಹೋಗುತ್ತಾರೆ. ನಮ್ಮಲ್ಲಿಗೆ ಬರುವವರಿದ್ದಾರೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಭಕ್ತಿಗಿಂತ ಬೇರೆ ಕಾರಣಕ್ಕೆ. ನಿಜವಾದ ತಾಳವನ್ನು ಅದೇ ಹಾಲ್‌ನಲ್ಲಿ ಕೇಳಿ, ಅವರು ಹೋದ ಕೂಡಲೇ ಸ್ಪೀಕರ್ ಹಚ್ಚಿದರೆ ಹೆಂಡತಿಯೂ ಒಪ್ಪಲೇಬೇಕು.

ಭಾಗವತರು ಕೂರುವ ಚಾಪೆಯನ್ನು ನಾನೇ ಸ್ಪೀಕರ್ ಇಟ್ಟ ಮೇಜಿನ ಪಕ್ಕಕ್ಕೆ ಹಾಸಿದೆ. ಅವರ ಪಕ್ಕದಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಸ್ಟೂಲ್ ಎಳೆದುಕೊಂಡು ಕೂತೆ. ಮದ್ದಲೆಯವರು ಶ್ರುತಿ ನೋಡಿಕೊಂಡರು. ಭಾಗವತರು ಕಣ್ಣು ಮುಚ್ಚಿ ಪದ್ಯ ಎತ್ತಿದರು. ಎರಡೂ ಕೈ ಎದೆಯ ಮಟ್ಟಕ್ಕೆ ಬಂದವು. ಕಂಚಿನ ಎರಡು ಬಟ್ಟಲು ಅಂಚಿಗೆ ಅಂಚು ತಾಗಿ ಬೇರೆಯಾದವು.

ಟಕ್.

ನಾನು ಸ್ವಲ್ಪ ಮುಂದಕ್ಕೆ ಬಾಗಿದೆ. ತಾಳ ಮತ್ತೆ ತಾಗಿತು. ಬೇರೆಯಾದ ಮೇಲೂ ಆ ಕಂಚು ಸಣ್ಣಗೆ ನಡುಗುತ್ತಿದ್ದದ್ದು ದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ಅಷ್ಟು ನಡುಗುವ ಕಂಚು ನಾದ ಬಿಡದೆ ಇರುವುದಿಲ್ಲ. ಅದು ನನಗೂ ಗೊತ್ತು. ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಅಜ್ಜಿ ಆ ನಾದಕ್ಕೆ ಸರಿಯಾಗಿ ತಲೆ ತೂಗುತ್ತಿದ್ದಳು. ವೇಷದವರ ಗೆಜ್ಜೆ ನನ್ನ ಕಾಲಿನ ಹತ್ತಿರವೇ ಕುಣಿಯುತ್ತಿತ್ತು. ಅದರಿಂದಲೂ ನನಗೆ ಬಂದದ್ದು ಕಾಲು ನೆಲಕ್ಕೆ ಬೀಳುವ ಧಡ್ ಧಡ್ ಸದ್ದು ಮಾತ್ರ. ಹೆಂಡತಿ ಆಟ ನೋಡುತ್ತಿರಲಿಲ್ಲ. ಆರತಿ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಅವರು ಕಾಣಿಕೆ ತೆಗೆದುಕೊಂಡು ಹೋದ ಮೇಲೂ ನಾನು ಸ್ಟೂಲಿನಿಂದ ಏಳಲಿಲ್ಲ.

"ಆ ಭಾಗವತ್ರ ತಾಳ ಒಡ್ದಿತ್ತಾ ಕಾಂತ್" ಎಂದೆ.

ಅವಳು ನನ್ನ ಎದುರು ಚಾಪೆಯ ಮೇಲೆ ಕೂತಳು. "ತಾಳ ಸರಿ ಇತ್ತ್" ಎಂದಳು, ನಿಧಾನವಾಗಿ, ಬಾಯಿ ಪೂರ್ತಿ ತೆರೆದು. ಸುಮಾರು ದಿನದಿಂದ ಅವಳು ನನ್ನೊಡನೆ ಹಾಗೆಯೇ ಮಾತಾಡುತ್ತಿದ್ದಾಳೆ ಅನ್ನುವುದು ಆಗ ನನಗೆ ಹೊಳೆಯಿತು. "ನಾಳೆ ಕುಂದಾಪ್ರಕ್ಕ್ ಹೋಪನಾ?"

"ಎಂತಕ್ಕೆ?" ಎಂದೆ. ಎಂತಕ್ಕೆ ಎಂದು ನನಗೆ ಗೊತ್ತಿತ್ತು.

ಕುಂದಾಪುರದಲ್ಲಿ ಕಿವಿ ಪರೀಕ್ಷೆ ಮಾಡಿದವಳು ನನಗೆ ಮಗಳಾಗುವಷ್ಟು ಪ್ರಾಯದ ಹುಡುಗಿ. ಗಾಜಿನ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು. ಸದ್ದು ಕೇಳಿದ ಕೂಡಲೇ ಒತ್ತಬೇಕು. ಮೊದಮೊದಲು ಮಂದ ಸದ್ದುಗಳು ಬಂದವು. ಎಷ್ಟು ಸಣ್ಣದಾದರೂ ಹಿಡಿದೆ. ಆಮೇಲೆ ಏನೂ ಬರಲಿಲ್ಲ. ಗಾಜಿನಾಚೆ ಅವಳ ಬೆರಳು ಮಾತ್ರ ಮೆಷಿನ್ನಿನ ಮೇಲೆ ಓಡಾಡುತ್ತಿತ್ತು. ಸದ್ದು ಹಾಕದೆ ಸುಮ್ಮನೆ ಬೆರಳಾಡಿಸಿ, ನಾನು ಸುಳ್ಳು ಒತ್ತುತ್ತೇನೋ ಎಂದು ನೋಡುತ್ತಿದ್ದಾಳೆ ಅಂತ ಅನಿಸಿ ಕೈ ಬಿಗಿಹಿಡಿದೆ. ಆಮೇಲೆ ಅವಳು ಹೇಳಿದ ಶಬ್ದಗಳನ್ನು ತಿರುಗಿ ಹೇಳಬೇಕಿತ್ತು. "ಬಿಸಿ" ಎಂದದ್ದಕ್ಕೆ "ಬಿಡಿ" ಎಂದೆನಂತೆ. ನನಗೆ ಬಿಡಿ ಎಂದೇ ಕೇಳಿತ್ತು.

ಹೊರಗೆ ಬಂದ ಮೇಲೆ ಅವಳು ಕಾಗದದ ಮೇಲಿನ ಗೆರೆ ತೋರಿಸಿದಳು. ಎಡಗಡೆಯಿಂದ ನೆಟ್ಟಗೆ ಬಂದ ಗೆರೆ ಅರ್ಧ ದಾಟಿದ ಮೇಲೆ ಬಾವಿಯ ಮೆಟ್ಟಿಲಿಳಿದ ಹಾಗೆ ಇಳಿದಿತ್ತು.

"ಅಂಕಲ್, ಮೆಷಿನ್ ಹತ್ತಿರ ಕೆಲಸ ಮಾಡ್ತಿದ್ರಾ?"

"ದೋಣಿ ಎಂಜಿನ್" ಎಂದೆ.

ಅವಳು ತಲೆಯಾಡಿಸಿದಳು. ದಪ್ಪ ಸದ್ದಿಗೆ ನನ್ನ ಕಿವಿ ಚೆನ್ನಾಗಿದೆ, ತೆಳುವಾದದ್ದು ಎಷ್ಟೋ ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಗಿದೆ, ಒಮ್ಮೆಲೇ ಹೋಗದ ಕಾರಣ ಗೊತ್ತಾಗಿಲ್ಲ ಎಂದಳು. ಹೋದದ್ದು ತಿರುಗಿ ಬರುವುದಿಲ್ಲ, ಆದರೆ ಯಂತ್ರ ಹಾಕಿಕೊಂಡರೆ ಉಳಿದದ್ದನ್ನು ಬಳಸಬಹುದು. ಅವಳು ಇನ್ನೂ ಏನೇನೋ ಹೇಳಿದಳು. ನಾನು ಆ ಗೆರೆಯನ್ನೇ ನೋಡುತ್ತಿದ್ದೆ. ಇಡೀ ಬಂದರಿಗೆ ನನ್ನ ಕಿವಿಯ ಮೇಲೆ ನಂಬಿಕೆಯಿತ್ತು. ದೋಣಿಯವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಅಳು ಬಂದ ಹಾಗಾಯಿತು, ಹುಡುಗಿಯ ಎದುರು ತಡೆದುಕೊಂಡೆ.

ಅಲ್ಲಿಂದ ಒಂದು ಹೋಟೆಲಿಗೆ ಹೋಗಿ ಚಾ ಹೇಳಿದೆವು. "ನಿಂಗೆ ಮುಂಚೆಯೇ ಗೊತ್ತಿತ್ತಾ?" ಎಂದು ಕೇಳಿದೆ.

"ಟಿವಿ ಅಷ್ಟ್ ಜೋರ್ ಇಡುಕೆ ಶುರು ಮಾಡ್ದಲ್ಲಿಂದ."

"ಹೇಳುಕ್ ಎಂತ ಆಯ್ತ್?"

"ಹೇಳ್ರೆ ನಂಬ್ತಿದ್ರಿಯಾ?" ಅವಳು ಲೋಟವನ್ನು ಬಸಿಯಲ್ಲಿ ಒಮ್ಮೆ ತಿರುಗಿಸಿದಳು. "ನಾ ಎರ್ಡ್ ಸಲ ಹೇಳಿದ್ದೆ. ನಾ ಸಣ್ಣಕ್ ಮಾತಾಡುದ್ ಅಂದ್ರಿ. ಅದ್ಕೇ ತಮ್ಮನಿಗ್ ಹೇಳ್ದೆ, ತಾಳ ಸಮಾ ಕೇಂಬಂಥ ಒಂದ್ ಒಳ್ಳೆ ಸ್ಪೀಕರ್ ತಂದ್ ಇಡ್, ಅವ್ರೇ ಕೇಂಡ್ ಅವ್ರೇ ಕಂಡ್ಕಣ್ಲಿ ಅಂದೆ. ಮನ್ಷರ್ ಮಾತಿಗಿಂತ ಮೆಷಿನ್ ಮಾತ್ ನಿಮ್ಗೆ ಬೇಗ ಹಿಡೀತ್ತಲ್ದಾ."

ಅಕ್ಕ ತಮ್ಮ ಸೇರಿದ್ದಾರೆ ಎಂಬ ನನ್ನ ಅನುಮಾನ ಮಾತ್ರ ಸುಳ್ಳಾಗಿರಲಿಲ್ಲ. ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯದೆ ಚಾ ಕುಡಿದು ಮುಗಿಸಿದೆ. ಮನೆಗೆ ಹೋಗುವ ಮೊದಲು ಭಾವಮೈದುನನ ಅಂಗಡಿಗೆ ಹೋದೆವು. ಅವನು ಗಿರಾಕಿಯನ್ನು ಬಿಟ್ಟು ಎದ್ದು ಬಂದ. ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ.

"ನಿನ್ ಸ್ಪೀಕರ್ ಸರಿ ಇತ್ತ್ ಮಾರಾಯ" ಎಂದೆ. ಅವನು ನನ್ನ ಕೈ ಹಿಡಿದುಕೊಂಡು, "ಕೂಕಣಿ ಭಾವ" ಎಂದ.

ಕಿವಿಯ ಯಂತ್ರ ಬಂದ ಮೇಲೆ ಎಲ್ಲ ಸಲೀಸಾಯಿತು ಎಂದು ಹೇಳಲಾರೆ. ಮೊದಲ ದಿನ ಮನೆ ಪೂರ್ತಿ ತಗಡಿನದ್ದಾಗಿ ಹೋಗಿತ್ತು. ನಲ್ಲಿ, ಪ್ಲಾಸ್ಟಿಕ್ ಚೀಲ, ನನ್ನದೇ ಅಂಗಿಯ ಕಾಲರು, ಎಲ್ಲವೂ ಚರ್ ಚರ್ ಎನ್ನುತ್ತಿತ್ತು. ಮಾರಿದವರ ಮೇಲೆ ಅನುಮಾನ ಬಂದು ತಿರುಗಿ ಹೋಗಿ ಜಗಳಕ್ಕೆ ನಿಂತೆ. ಆ ಹುಡುಗಿ ನಕ್ಕು, ಮಿದುಳಿಗೆ ಈ ಸದ್ದೆಲ್ಲ ಮರೆತು ಹೋಗಿದೆ, ಸ್ವಲ್ಪ ದಿನ ಕಾಯಬೇಕು ಎಂದಳು. ಅದನ್ನು ಕಾಗದದಲ್ಲಿ ಬರೆಸಿಕೊಳ್ಳದೆಯೇ ನಂಬಿದೆ. ನನ್ನ ಮಟ್ಟಿಗೆ ಅದು ದೊಡ್ಡದೇ.

ಕಾದೆ. ಚರ್ ಚರ್ ನಿಧಾನಕ್ಕೆ ಇಳಿಯಿತು. ಮಳೆ ಹನಿಯುತ್ತಿದ್ದ ಒಂದು ಮಧ್ಯಾಹ್ನ ಆ ಹಳೆಯ ಆಟ ಹಾಕಿ ಕೂತೆ. ಭಾಗವತರು ಉಸಿರು ತೆಗೆದ ಮೇಲೆ ತಾಳ ತಾಗಿತು. ಗುಂಯ್ ಎನ್ನುವ ಆ ಎಳೆ ಪದ್ಯದ ಅಡಿಯಲ್ಲಿ ಉಳಿದು, ಮುಂದಿನ ಪೆಟ್ಟಿನವರೆಗೂ ಬಂತು. ಪ್ರಾಯದಲ್ಲಿ ಕೇಳಿದಷ್ಟೇ ಸೊಗಸಾಗಿತ್ತು ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ತೆಳು, ಸ್ವಲ್ಪ ಬೇರೆ ಬಣ್ಣ. ಆದರೆ ಅದು ತಾಳವೇ. ಹೆಂಡತಿ ಮಿಷನ್ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

"ಕೇಂತಾ?"

ನಾನು ತಲೆಯಾಡಿಸಿದೆ.

ಸ್ಪೀಕರನ್ನು ಇಟ್ಟುಕೊಂಡೆವು. ಈಗ ಅದನ್ನು ಸರಿಯಾಗಿ ಪರೀಕ್ಷೆ ಮಾಡುವ ಹಕ್ಕು ನನಗೆ ಬಂದಿತ್ತು. ಸ್ವರ ಚೆನ್ನಾಗಿದೆ, ಚೆಂಡೆ ಸ್ವಲ್ಪ ಮೆತ್ತಗೆ, ಆ್ಯಪ್ ತೆರೆಯಲು ಮಾತ್ರ ಕಿರಿಕಿರಿ. ಇನ್ನೊಂದು ತೊಂದರೆ ಇತ್ತು. ಮದ್ದಲೆ ಬಂದಾಗಲೆಲ್ಲ ಗುಡುಗಿದ ಹಾಗೆ ಕೋಣೆ ತುಂಬುತ್ತಿತ್ತು. ಮತ್ತೆ ನನ್ನ ಕಿವಿಯದೇ ದೋಷವೋ ಎಂದು ಸುಮ್ಮನಿದ್ದೆ. ಒಂದು ದಿನ ಅವಳನ್ನೇ ಕೇಳಿದೆ.

"ಮದ್ದಲೆ ಒಂಚೂರ್ ಜಾಸ್ತಿ ಆಯ್ತಾ, ನಂಗ್ ಮಾತ್ರ ಹಾಂಗ್ ಕೇಂತಾ?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಪದ್ಯ ಮುಗಿಯುವವರೆಗೆ ಕೇಳಿದಳು. "ಹೌದ್. ನಂಗೂ ಹಾಂಗೇ ಕೇಂತ್. ಗ್ವಾಡಿಗ್ ತಾಗ್ಸಿ ಇಟ್ಟದ್ಕಾ ಏನೋ."

ಇಬ್ಬರೂ ಒಂದೊಂದು ಕಡೆ ಹಿಡಿದು ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆವು. ಅದೇ ಪದ್ಯವನ್ನು ಮೊದಲಿನಿಂದ ಹಾಕಿ ಅವಳು ತನ್ನ ಕುರ್ಚಿಗೆ ಹೋದಳು. ನಾನು ಮೇಜಿನ ಹತ್ತಿರ ನಿಂತೇ ಕೇಳಿದೆ. ಮದ್ದಲೆ ಈಗ ಹದಕ್ಕೆ ಬಂದಿತ್ತು.